ವಠಾರದ ಹೊಗೆ: ಕೊಳ್ಳೇಗಾಲ, ಹನೂರು, ಯಳಂದೂರಿನ ಬಾಡಿಗೆ ಕರಾರಿಗೆ ಒಂದು ಷರತ್ತು

ಧೂಮಪಾನ ಕುರಿತ ನಮ್ಮ ಕಾನೂನು ಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ. 2003ರ ತಂಬಾಕು ಉತ್ಪನ್ನಗಳ ಕಾಯ್ದೆಯ 4ನೇ ಪ್ರಕರಣ ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸಿತು. 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳು ಕೆಲಸದ ಜಾಗಗಳನ್ನೂ ಅದರೊಳಗೆ ತಂದವು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ 200 ರೂಪಾಯಿಯ ದಂಡವನ್ನು 1,000ಕ್ಕೆ ಏರಿಸಿತು. 30 ಕೋಣೆಗಳ ಹೋಟೆಲಿನಲ್ಲಿ ಸೇದುವ ಜಾಗ ಹೇಗಿರಬೇಕೆಂದು ಹೇಳುವ ಈ ಕಾನೂನು, ಒಂದೇ ಸೂರಿನಡಿ ನಾಲ್ಕೈದು ಸಂಸಾರಗಳಿರುವ ವಠಾರದ ವಿಷಯದಲ್ಲಿ ಮೌನವಾಗಿದೆ. ಈ ಕೊರತೆಯನ್ನು ಸದ್ಯಕ್ಕೆ ತುಂಬಬಲ್ಲ ಸಾಧನ ಬಾಡಿಗೆ ಕರಾರೊಂದೇ. ಆದರೆ ಅದರ ಷರತ್ತು ಬಾಡಿಗೆದಾರನ ಚಟದ ಮೇಲಲ್ಲ, ಕಟ್ಟಡದ ಮೇಲೆ ಇರಬೇಕೆಂಬುದು ನನ್ನ ವಾದ.

ಕೊಳ್ಳೇಗಾಲದ ಹೆಂಚಿನ ಹಳೆಯ ಸಾಲುಮನೆಗಳನ್ನೇ ನೋಡಬಹುದು. ಇಂಥ ಮನೆಗಳಲ್ಲಿ ಅಡ್ಡಗೋಡೆ ಎಷ್ಟೋ ಕಡೆ ಸೂರಿನವರೆಗೆ ಏರುವುದಿಲ್ಲ. ಒಂದು ಮನೆಯ ಒಗ್ಗರಣೆಯ ಘಾಟು ಪಕ್ಕದ ಮನೆಯವರನ್ನು ಕೆಮ್ಮಿಸುವ ದಾರಿಯಲ್ಲೇ ಬೀಡಿಯ ಹೊಗೆಯೂ ದಾಟುತ್ತದೆ. ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲೂಕು ಕೇಂದ್ರವಾದ ಹನೂರಿನಲ್ಲಿ, ಪುಟ್ಟ ಯಳಂದೂರಿನಲ್ಲಿ, ನೌಕರರು ಹಿಡಿಯುವ ತಾರಸಿ ಮನೆಗಳ ಮೆಟ್ಟಿಲು, ಗಾಳಿಗಿಂಡಿ, ಬಟ್ಟೆ ಒಣಹಾಕುವ ಜಾಗ ಎಲ್ಲವೂ ಹಂಚಿಕೆಯವು. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಭಾರತದಲ್ಲಿ ಸೇದುವವರು ನೂರಕ್ಕೆ 10.7, ಮನೆಯೊಳಗೆ ಪರರ ಹೊಗೆ ಕುಡಿಯುವವರು 38.7. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿರುವವರು ಬಹುಪಾಲು ತಾವು ಸೇದದವರೇ. ಹಗಲೆಲ್ಲ ಮನೆಯಲ್ಲೇ ಇರುವ ಕೂಸು, ಬಾಣಂತಿ, ಉಬ್ಬಸದ ಮುದುಕರು ಎದ್ದುಹೋಗುವುದಾದರೂ ಎಲ್ಲಿಗೆ? ಕಿಟಕಿ ತೆರೆದರೆ ಸಾಕೆಂಬ ಸಮಾಧಾನವನ್ನು ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿ ತಳ್ಳಿಹಾಕಿದೆ: ಪರರ ಹೊಗೆಗೆ ಅಪಾಯವಿಲ್ಲದ ಪ್ರಮಾಣವೆಂಬುದಿಲ್ಲ.

ಬಾಡಿಗೆ ಕೊಟ್ಟ ಮೇಲೆ ಅದು ನನ್ನ ಮನೆ, ಒಳಗೆ ಏನು ಮಾಡಿದರೆ ಯಾರಿಗೇನು ಎಂಬುದು ಮೊದಲ ಆಕ್ಷೇಪ. ಖಾಸಗಿತನ ದೊಡ್ಡ ಮೌಲ್ಯವೇ. ಆದರೆ ಪಕ್ಕದವನ ಉಸಿರಿಗೂ ಅದೇ ಗೌರವ ಸಲ್ಲಬೇಕು. 2001ರ ನವೆಂಬರ್‌ನಲ್ಲಿ ಮುರಳಿ ದೇವ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸೇದದವರ ರಕ್ಷಣೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಂದಿಗೆ ಜೋಡಿಸಿತು. ಆ ಆದೇಶ ಸಾರ್ವಜನಿಕ ಸ್ಥಳಗಳಿಗೆ ಸೀಮಿತ, ನಿಜ. ಅದರ ತರ್ಕಕ್ಕೆ ಗೋಡೆಯಿಲ್ಲ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದು. ಮನೆ ಕೇಳಲು ಹೋದವರನ್ನು ಜಾತಿ, ಊಟದ ರೀತಿ ವಿಚಾರಿಸಿ ಸಾಗಹಾಕುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಆ ಜರಡಿಗೆ ಬೀಡಿಯೂ ಸೇರಿದರೆ ಕೂಲಿಗೆ ಬಂದವರಿಗೆ, ಕಾಡಂಚಿನಿಂದ ಬಂದ ಸೋಲಿಗ ಹುಡುಗರಿಗೆ ಬಾಗಿಲು ಮುಚ್ಚಲು ಮತ್ತೊಂದು ನೆಪ ಸಿಕ್ಕಂತೆ. ಈ ಭಯ ನನಗೂ ಇದೆ. ಇಲ್ಲಿ ಅಮೆರಿಕದ ಉದಾಹರಣೆ ದಾರಿ ತೋರುತ್ತದೆ. 2018ರ ಜುಲೈ 30ರ ಗಡುವಿಟ್ಟು ಅಲ್ಲಿನ ವಸತಿ ಇಲಾಖೆ ಸರ್ಕಾರಿ ಬಾಡಿಗೆ ಮನೆಗಳ ಒಳಗೂ ಕಟ್ಟಡದಿಂದ 25 ಅಡಿಯೊಳಗೂ ಸೇದುವುದನ್ನು ನಿಲ್ಲಿಸಿತು. ಆದರೆ ಸೇದುವವರಿಗೆ ಮನೆ ನಿರಾಕರಿಸಲಿಲ್ಲ.

ಈ ಭಾಗದಲ್ಲಿ ಹೊಗೆಸೊಪ್ಪು ಅಗಿಯುವವರೇ ಹೆಚ್ಚು, ಸೌದೆ ಒಲೆಯ ಹೊಗೆಯೂ ಇದೆ ಎಂದು ಕೆಲವರು ಹೇಳಬಹುದು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಹೊಗೆರಹಿತ ತಂಬಾಕಿನ ಬಳಕೆ ನೂರಕ್ಕೆ 16.3, ಸೇದುವುದು 8.8. ಆದರೆ ಅಗಿಯುವವನ ತಂಬಾಕು ಗೋಡೆ ದಾಟುವುದಿಲ್ಲ. ಒಲೆ ಅನ್ನಕ್ಕಾಗಿ ಉರಿಯುವುದು. ಅದಕ್ಕೆ ಉತ್ತರ ಅಗ್ಗದ ಗ್ಯಾಸು, ಕರಾರಲ್ಲ.

ಉಳಿಯುವ ಪ್ರಶ್ನೆ ಜಾರಿಯದು. ಒಂದು ವರ್ಷದಿಂದ ಮೇಲ್ಪಟ್ಟ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಬಾಡಿಗೆ ಪತ್ರ ಸಾಮಾನ್ಯವಾಗಿ 11 ತಿಂಗಳದು, ಮತ್ತು ಅದರ ಒಕ್ಕಣೆ ಪತ್ರ ಬರಹಗಾರರ ಬಳಿ ಮೊದಲೇ ಸಿದ್ಧವಿರುತ್ತದೆ. ಆ ಮಾದರಿಗೆ ಒಂದು ವಾಕ್ಯ ಸೇರಿದರೆ ವರ್ಷದೊಳಗೆ ಊರಿನ ಬಹುತೇಕ ಹೊಸ ಕರಾರುಗಳಲ್ಲಿ ಅದು ಇರುತ್ತದೆ. ಬಾಯಿಮಾತಿನ ಬಾಡಿಗೆಯಲ್ಲೂ ನೀರು, ಗೇಟಿನ ಬೀಗದ ಕಟ್ಟಳೆ ಹೇಳುವಾಗಲೇ ಇದನ್ನೂ ಹೇಳಬಹುದು. ತಪ್ಪಿದರೆ ಒಕ್ಕಲೆಬ್ಬಿಸುವುದು ಬೇಡ. ಬಿಡುವಾಗ ಸುಣ್ಣಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಹಿಡಿಯುವ ರೂಢಿಯೇ ಸಾಕು, ಮೊತ್ತ ಮಾತ್ರ ಮೊದಲೇ ಬರೆದಿರಬೇಕು. ವಾಕ್ಯ ಹೀಗಿರಬಹುದು: ಈ ಕಟ್ಟಡದ ಮನೆಗಳೊಳಗೆ, ಜಗಲಿ, ಮೆಟ್ಟಿಲು ಮತ್ತು ಹಂಚಿಕೆಯ ಅಂಗಳದಲ್ಲಿ ಬೀಡಿ, ಸಿಗರೇಟು ಸೇದತಕ್ಕದ್ದಲ್ಲ, ಈ ಷರತ್ತು ಮಾಲೀಕರಿಗೂ ಅವರ ಮನೆಯವರಿಗೂ ಅನ್ವಯಿಸತಕ್ಕದ್ದು.