ವ್ಯೋಮನೌಕೆಯಲ್ಲಿ ನಮ್ಮವರ ಸ್ಥಾನ

ಮಾನವನು ಚಂದ್ರನ ಮೇಲೆ ಕಾಲಿರಿಸುವುದಕ್ಕೆ ಸುಮಾರು ಎರಡು ದಶಕಗಳ ಮೊದಲೇ ಚಲಚ್ಚಿತ್ರಗಳು ಅವನನ್ನು ಅಲ್ಲಿಗೆ ಕರೆದೊಯ್ದಿದ್ದವು. ಆದರೆ ಆ ಮಾನವನು ಯಾರೆಂದು ವಿಚಾರಿಸಿದರೆ, 1950ರ ‘ಡೆಸ್ಟಿನೇಷನ್ ಮೂನ್’ ಚಿತ್ರದ ನೌಕೆಯಲ್ಲಿದ್ದವರು ನಾಲ್ವರು ಶ್ವೇತವರ್ಣೀಯ ಅಮೆರಿಕನ್ ಪುರುಷರು ಮಾತ್ರ. ಅದೇ ವರ್ಷದ ‘ರಾಕೆಟ್‌ಶಿಪ್ ಎಕ್ಸ್-ಎಂ’ ಚಿತ್ರದಲ್ಲಿ ಲೀಸಾ ವಾನ್ ಹಾರ್ನ್ ಎಂಬ ರಸಾಯನಶಾಸ್ತ್ರಜ್ಞೆಗೆ ಸ್ಥಾನ ದೊರೆತಿದ್ದಿತಾದರೂ, ಇಂಧನವನ್ನು ಕುರಿತ ಅವಳ ಗಣನೆಯನ್ನು ಬದಿಗೊತ್ತಿ ಮುಖ್ಯ ವಿಜ್ಞಾನಿಯು ತನ್ನದನ್ನೇ ಹಿಡಿದ ಬಳಿಕ ನೌಕೆಯು ದಾರಿ ತಪ್ಪಿತು.

ಸ್ಟಾನಿಸ್ಲಾವ್ ಲೆಮ್‌ರ ಕಾದಂಬರಿಯನ್ನು ಆಧರಿಸಿ ಕುರ್ಟ್ ಮೇಟ್ಸಿಗ್ ನಿರ್ದೇಶಿಸಿದ, 1960ರಲ್ಲಿ ತೆರೆಕಂಡ ‘ಡೇರ್ ಶ್ವೈಗೆಂಡೆ ಷ್ಟೆರ್ನ್’ ಎಂಬ ಪೂರ್ವ ಜರ್ಮನಿ–ಪೋಲೆಂಡ್‌ಗಳ ಚಿತ್ರವು ಈ ಸಂಕೋಚವನ್ನು ಮೀರಿ, ಶುಕ್ರಗ್ರಹಕ್ಕೆ ಹೊರಟ ತಂಡದಲ್ಲಿ ಜಪಾನಿನ ವೈದ್ಯೆಯನ್ನೂ ಆಫ್ರಿಕದ ತಂತ್ರಜ್ಞನನ್ನೂ ಚೀನೀ ವಿಜ್ಞಾನಿಯನ್ನೂ ಸಿಕರ್ನನೆಂಬ ಭಾರತೀಯ ಗಣಿತಜ್ಞನನ್ನೂ ಸೇರಿಸಿಕೊಂಡಿತು. ಉದಾತ್ತವಾದ ಈ ಭಾವನೆಯಲ್ಲಿಯೂ ಒಂದು ಕೊರತೆಯುಂಟು: ಸಿಕರ್ನನ ಪಾತ್ರವನ್ನು ಧರಿಸಿದವನು ಕುರ್ಟ್ ರಾಕೆಲ್ಮನ್ ಎಂಬ ಜರ್ಮನ್ ನಟ. ಇತ್ತ ನಮ್ಮ ನೆರೆಯ ತಮಿಳು ಚಿತ್ರರಂಗವು 1963ರ ‘ಕಲೈ ಅರಸಿ’ಯಲ್ಲಿ, ಸಂಗೀತವನ್ನು ಕಲಿಯಬೇಕೆಂದು ಅನ್ಯಗ್ರಹದವರು ಅಪಹರಿಸಿದ ಗಾಯಕಿಯಾಗಿ ನಟಿ ಭಾನುಮತಿಯವರನ್ನು ತೋರಿಸಿತು; ಅದೇ ವರ್ಷದ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ಟು ಮೇಲೇರಿತು.

ಕಲ್ಪನೆಯು ಕಾರ್ಯಕ್ಕೆ ತಿರುಗಿದುದು ಬೆಂಗಳೂರಿನ ಯಶವಂತಪುರದಿಂದಾಚೆಗೆ ತುಮಕೂರು ರಸ್ತೆಯ ಪಕ್ಕದ ಪೀಣ್ಯದಲ್ಲಿ. ಸೋವಿಯತ್ ಒಕ್ಕೂಟದೊಡನೆ 1972ರಲ್ಲಿ ಒಪ್ಪಂದವಾದ ಮೇಲೆ, ಉಡುಪಿ ಸೀಮೆಯ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬಹುಪಾಲು ತರುಣರೇ ಆಗಿದ್ದ ತಂಡವು ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ ನೆಲೆನಿಂತು, ಸುಮಾರು 360 ಕಿಲೋಗ್ರಾಂ ತೂಕದ ‘ಆರ್ಯಭಟ’ ಉಪಗ್ರಹವನ್ನು ರೂಪಿಸಿತು; ಸ್ಥಳವು ಸಾಲದೆ ಶೌಚಾಲಯವೊಂದನ್ನೇ ದತ್ತಾಂಶ ಸ್ವೀಕಾರ ಕೇಂದ್ರವನ್ನಾಗಿ ಮಾರ್ಪಡಿಸಿಕೊಂಡಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಆ ಉಪಗ್ರಹವನ್ನು ಕಕ್ಷೆಗೇರಿಸಿತು. ವಿದ್ಯುತ್ ಪೂರೈಕೆಯ ದೋಷದಿಂದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದರೂ, ಉಪಗ್ರಹವನ್ನು ಕಟ್ಟುವ ವಿದ್ಯೆಯು ನಮ್ಮವರ ಕೈಗೆ ಬಂದಿದ್ದಿತು.

ಅದೇ ಪೀಣ್ಯದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ, 2023ರ ಆಗಸ್ಟ್ 23ರಂದು ಚಂದ್ರಯಾನ-3 ನೌಕೆಯು ಚಂದ್ರನ ನೆಲವನ್ನು ಮುಟ್ಟಿದೊಡನೆ ತಂಡದ ಪರವಾಗಿ ಮಾತನಾಡಿದವರಲ್ಲಿ ಸಹ ಯೋಜನಾ ನಿರ್ದೇಶಕಿ ಕಲ್ಪನಾ ಕಾಳಹಸ್ತಿಯವರೂ ಒಬ್ಬರು. ಹಿಂದೆ ತೆರೆಯ ಮೇಲೆ ಸ್ತ್ರೀಯ ಗಣನೆಗೆ ದೊರೆಯದಿದ್ದ ಮನ್ನಣೆಯು ಇಲ್ಲಿ ಅಧಿಕಾರದೊಡನೆ ದೊರೆತಿತ್ತು. ಪರರು ಬರೆದ ಪಾತ್ರದಲ್ಲಿ ಒಂದು ಆಸನವು ಸಿಕ್ಕುವುದೂ ಸಣ್ಣ ಮಾತಲ್ಲ. ಆದರೆ ಗಣನೆಯೂ ನಿರ್ಮಾಣವೂ ನಿರ್ಧಾರವೂ ನಮ್ಮವಾದಾಗಲೇ ಪ್ರಾತಿನಿಧ್ಯವು ಪೂರ್ಣವಾಗುವುದೆಂದು ನಾನು ನಂಬುತ್ತೇನೆ. ಈ ಕಥೆಯನ್ನು ಕನ್ನಡದಲ್ಲಿ ಚಿತ್ರಿಸಲು ಹೊರಡುವವರು ವಿಜ್ಞಾನಿಯ ಪಕ್ಕದಲ್ಲಿ ಪೀಣ್ಯದ ಫಿಟ್ಟರನನ್ನೂ ಟರ್ನರನನ್ನೂ ನಿಲ್ಲಿಸತಕ್ಕದ್ದು.