ಲಿಪಿಕಾರನ ತಪ್ಪು, ಯಂತ್ರದ ತಪ್ಪು

ಮೂವತ್ತೈದು ವರ್ಷಗಳ ಅಧ್ಯಾಪನದ ನಡುವೆ ನಾನು ಕೂಡಿಟ್ಟ ಆಡುಮಾತಿನ ಪದಚೀಟಿಗಳು ಹನ್ನೊಂದು ಪೆಟ್ಟಿಗೆಗಳನ್ನು ತುಂಬಿವೆ. ಅವು ಗೆದ್ದಲಿನ ಪಾಲಾಗುವ ಮೊದಲು ಕಂಪ್ಯೂಟರಿಗೆ ಏರಿಸಬೇಕೆಂದು ಹೊರಟೆ. ಅಂಗಡಿಯವರು ಸಾಮಾನ್ಯ ಪರ್ಸನಲ್ ಕಂಪ್ಯೂಟರೇ ಸಾಕೆಂದರು. ಇಂಜಿನಿಯರಾದ ನಮ್ಮ ಅಳಿಯಂದಿರು, ಜೀವಮಾನದ ಕೆಲಸಕ್ಕೆ ವರ್ಕ್‌ಸ್ಟೇಷನ್ನೇ ಆಗಬೇಕೆಂದರು. ಬೆಲೆಗಳ ಅಂತರ ನನ್ನ ಪಿಂಚಣಿಯನ್ನು ಅಣಕಿಸುವಂತಿತ್ತು.

ಇವೆರಡೂ ದಾಯಾದಿಗಳು. 1981ರಲ್ಲಿ ಅಮೆರಿಕದ ಅಪೊಲೊ ಸಂಸ್ಥೆ ಇಂಜಿನಿಯರುಗಳ ಮೇಜಿನ ಮೇಲೆ ವರ್ಕ್‌ಸ್ಟೇಷನ್ ತಂದಿರಿಸಿತು. ಅದೇ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿ.ಸಿ.ಯನ್ನು 1,565 ಡಾಲರುಗಳ ಆರಂಭಬೆಲೆಗೆ ಹೊರತಂದಿತು. ಮರುವರ್ಷ ಸನ್ ಸಂಸ್ಥೆ ಹುಟ್ಟಿತು. ದೊಡ್ಡ ಪರದೆ, ಯಂತ್ರಗಳನ್ನು ಬೆಸೆಯುವ ಜಾಲ, ಭಾರಿ ಲೆಕ್ಕಗಳ ಸಾಮರ್ಥ್ಯ, ಇವೆಲ್ಲ ವರ್ಕ್‌ಸ್ಟೇಷನ್ನಿನ ಸಿರಿ. 1990ರಲ್ಲಿ ಟಿಮ್ ಬರ್ನರ್ಸ್-ಲೀ ವಿಶ್ವವ್ಯಾಪಿ ಜಾಲದ ಮೊದಲ ರೂಪವನ್ನು ಕಟ್ಟಿದ್ದೂ ನೆಕ್ಸ್ಟ್ ಎಂಬ ಅಂಥ ಯಂತ್ರದ ಮುಂದೆ ಕುಳಿತು. ಆದರೆ ಬಡ ದಾಯಾದಿ ಬೆಳೆದ. ಅಪೊಲೊ 1989ರಲ್ಲಿ ಎಚ್‌ಪಿಯ ವಶವಾಯಿತು, ಸನ್ 2010ರಲ್ಲಿ ಒರಾಕಲ್‌ನ ವಶವಾಯಿತು. ಇಂದು ವರ್ಕ್‌ಸ್ಟೇಷನ್ ಎಂಬ ಹೆಸರಿನಿಂದ ಮಾರುವ ಯಂತ್ರಗಳ ಒಡಲಲ್ಲಿ ಬಹುಮಟ್ಟಿಗೆ ಪಿ.ಸಿ. ವಂಶದ ಅಂಗಾಂಗಗಳೇ ಇವೆ.

ಹಾಗಾದರೆ ಹೆಚ್ಚಿನ ಹಣ ಏತಕ್ಕೆ? ಅಳಿಯಂದಿರು ಹೇಳಿದ ಕಾರಣಗಳಲ್ಲಿ ಒಂದು ನನ್ನನ್ನು ತಡೆದು ನಿಲ್ಲಿಸಿತು: ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಸ್ಮೃತಿ. ಚಿಪ್ಪಿನ ಹೊರಕವಚದಲ್ಲಿರುವ ವಿಕಿರಣಶೀಲ ದ್ರವ್ಯದ ಲೇಶವೂ ಸ್ಮೃತಿಯ ಒಂದು ಬಿಟ್ಟನ್ನು ಬದಲಿಸಬಲ್ಲುದೆಂದು ಇಂಟೆಲ್‌ನ ಮೇ ಮತ್ತು ವುಡ್ಸ್ 1978ರಲ್ಲಿ ತೋರಿಸಿದ್ದರು. ಗ್ರಂಥಸಂಪಾದನೆಯ ಪಾಠ ಹೇಳಿದವನಿಗೆ ಇದು ಪರಿಚಿತ ವ್ಯಾಧಿ. ತೂಕಡಿಸಿದ ಲಿಪಿಕಾರ ‘ಪ’ಕಾರವನ್ನು ‘ವ’ಕಾರವಾಗಿಸಿದರೆ ಪದ್ಯದ ಅರ್ಥವೇ ಕೆಡುತ್ತದೆ. ಮೊದಲ ಐಬಿಎಂ ಪಿ.ಸಿ. ಇಂಥ ತಪ್ಪು ಕಂಡರೆ ಸುಮ್ಮನೆ ನಿಂತುಬಿಡುತ್ತಿತ್ತು, ತಿದ್ದಲು ಬಾರದು. ವರ್ಕ್‌ಸ್ಟೇಷನ್ನಿನಲ್ಲಾದರೋ 64 ಬಿಟ್‌ಗಳಿಗೆ 8 ಕಾವಲು ಬಿಟ್‌ಗಳಿರುತ್ತವೆ. ಒಂದು ತಪ್ಪಿದರೆ ತಿದ್ದುತ್ತವೆ, ಎರಡು ತಪ್ಪಿದರೆ ಎಚ್ಚರಿಸುತ್ತವೆ. ಎಂಥ ಪರಿಷ್ಕರಣಕಾರ! ನನಗೆ ಆಸೆಯಾಯಿತೆಂದು ಒಪ್ಪಿಕೊಳ್ಳಬೇಕು.

ವಾರವೆಲ್ಲ ಯೋಚಿಸಿದೆ. ದಿನಗಟ್ಟಲೆ ಎಡೆಬಿಡದೆ ಲೆಕ್ಕ ಹಾಕಿಸುವ ವಿಜ್ಞಾನಿಗೆ ಆ ಕಾವಲು ಬೇಕೇ ಬೇಕು. ನನ್ನ ಚೀಟಿಗಳಿಗೆ ಅದಕ್ಕಿಂತ ದೊಡ್ಡ ಅಪಾಯ ಬೆರಳುಗಳದು, ಕಣ್ಣುಗಳದು. ಸಾಮಾನ್ಯ ಪಿ.ಸಿ.ಯನ್ನೇ ಕೊಂಡೆ. ಉಳಿದ ಹಣದಲ್ಲಿ ಪ್ರತಿಗಳನ್ನಿಡಲು ಎರಡು ಡಿಸ್ಕುಗಳು ಬಂದವು. ಪ್ರತಿ ಚೀಟಿಯನ್ನೂ ಪರದೆಯೊಡನೆ ಹೋಲಿಸಿ ಓದಲು ನನ್ನ ಹಳೆಯ ವಿದ್ಯಾರ್ಥಿನಿ ಸಂಭಾವನೆಗೆ ಬರುತ್ತಿದ್ದಾಳೆ. ಈಗ ಮೂರನೆಯ ಪೆಟ್ಟಿಗೆ ನಡೆದಿದೆ. ನಿನ್ನೆ ಅವಳು ಹಿಡಿದ ತಪ್ಪು ಚೀಟಿಯಲ್ಲಿಯೇ ಇತ್ತು. 1989ರಲ್ಲಿ ನನ್ನ ಕೈಯೇ ಬರೆದದ್ದು.