ಗ್ರಾಮಫೋನಿನ ಯುಗದ ಇಬ್ಬರು ಕಲಾವಿದರು



ಹೂವಿನಹಡಗಲಿಯ ಸೀಮೆಯಲ್ಲಿ, ತುಂಗಭದ್ರೆಯ ತಡಿಯ ಮೈಲಾರಕ್ಷೇತ್ರದಲ್ಲಿ, ಭರತಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಕಾರಣಿಕವು ನಡೆಯುವುದನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಕೂಡಿದ ಜನಸಾಗರದ ಗದ್ದಲವೂ ಡಮರುಗಗಳ ನಾದವೂ ಥಟ್ಟನೆ ಅಡಗುತ್ತವೆ. ಆಗ ಹೊರಡುವುದು ಒಂದೇ ಒಂದು ವಾಕ್ಯ. ಅದನ್ನು ನುಡಿದವನೇ ಅವನು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ. ಮಳೆಬೆಳೆಗಳಿಗೆ ಅದರ ಫಲವೇನೆಂದು ರೈತರು ಊರೂರಿನಲ್ಲಿ ಚರ್ಚಿಸುತ್ತಾರೆ. ಸರಿಯಾಗಿ ಕೇಳದೆಹೋದವನು ಪಕ್ಕದವನನ್ನು ವಿಚಾರಿಸಬೇಕೇ ಹೊರತು, ಆ ನುಡಿಯನ್ನು ಎರಡನೆಯ ಸಲ ಹೇಳಿಸುವಂತಿಲ್ಲ.

ಮನುಷ್ಯನ ಕಂಠಕ್ಕೂ ವಾದ್ಯಕ್ಕೂ ಅನಾದಿಯಿಂದ ಇದೇ ನಿಯಮವಿದ್ದಿತು. ನಾದವು ಹುಟ್ಟಿದೊಡನೆ ಅಳಿಯುತ್ತಿತ್ತು. ಈ ನಿಯಮವನ್ನು ಮುರಿದದ್ದು ಧ್ವನಿಮುದ್ರಣಯಂತ್ರ. ಆ ಯಂತ್ರದಿಂದ ಬಾಳಿದ ಇಬ್ಬರ ವೃತ್ತಾಂತವನ್ನು ಈ ದಿನ ಹೇಳಬೇಕೆಂದಿದ್ದೇನೆ. ಒಬ್ಬನು ನ್ಯೂಯಾರ್ಕಿನ ನರ್ತನವಾದ್ಯಮೇಳದ ನಾಯಕ. ಇನ್ನೊಬ್ಬಳು ನಮ್ಮ ಮೈಸೂರಿನಲ್ಲಿಯೇ ಕೊನೆಯುಸಿರೆಳೆದ ಗಾಯಕಿ.

ಬೆನ್ ಸೆಲ್ವಿನ್ 1898ರಲ್ಲಿ ಹುಟ್ಟಿದವನು, ಪಿಟೀಲುಗಾರ. ಮೊದಲನೆಯ ಮಹಾಯುದ್ಧವು ಮುಗಿಯುತ್ತ ಬಂದ ಕಾಲದಲ್ಲಿ ನ್ಯೂಯಾರ್ಕಿನ ‘ಮೂಲಾಂ ರೂಜ್’ ಎಂಬ ಭೋಜನಶಾಲೆಯಲ್ಲಿ ಅವನ ಮೇಳವು ನುಡಿಸುತ್ತಿತ್ತು. ಆಫ್ರಿಕದ ಮೂಲದ ಅಮೆರಿಕನ್ನರಿಂದ ಹುಟ್ಟಿದ ಜಾಜ್ ಸಂಗೀತವು ಆಗ ನಗರದಿಂದ ನಗರಕ್ಕೆ ಹರಡುತ್ತಿತ್ತು. ಗಂಡುಹೆಣ್ಣುಗಳು ಜೋಡಿಯಾಗಿ ಕುಣಿಯುವ ಹುಚ್ಚು ದೇಶವನ್ನೇ ಹಿಡಿದಿತ್ತು. 1919ರಲ್ಲಿ ಸೆಲ್ವಿನ್ನನು ವಿಕ್ಟರ್ ಕಂಪನಿಗಾಗಿ ನುಡಿಸಿದ ‘ಡಾರ್ಡನೆಲ್ಲಾ’ ಎಂಬ ಪ್ಲೇಟು ಲಕ್ಷಗಟ್ಟಲೆ ಮಾರಾಟವಾಯಿತು. ಆ ಮೇಲೆ ಅವನು ಮುದ್ರಿಸಿದ ಗತ್ತುಗಳು ಸಾವಿರ ಸಾವಿರ. ಹತ್ತು ಸಾವಿರಕ್ಕೂ ಮಿಗಿಲೆಂದು ಎಣಿಸುವವರುಂಟು. ಆ ಕಾಲದ ಮೇಳನಾಯಕರಲ್ಲಿ ಇಷ್ಟನ್ನು ಮುದ್ರಿಸಿದ ಮತ್ತೊಬ್ಬನನ್ನು ತೋರಿಸುವುದು ಕಷ್ಟ.

ಆದರೆ ಇಲ್ಲೊಂದು ವಿಚಿತ್ರವುಂಟು. ಈ ಪ್ಲೇಟುಗಳಲ್ಲಿ ಅನೇಕವುಗಳ ಮೇಲೆ ಸೆಲ್ವಿನ್ನನ ಹೆಸರೇ ಇರಲಿಲ್ಲ. ಒಬ್ಬನೇ ಹಲವು ಕಂಪನಿಗಳಿಗೆ ನುಡಿಸುತ್ತಿದ್ದುದರಿಂದಲೂ, ತಮ್ಮ ಪಟ್ಟಿಯಲ್ಲಿ ಬಗೆಬಗೆಯ ಮೇಳಗಳಿವೆಯೆಂದು ತೋರಿಸಿಕೊಳ್ಳುವ ಆಸೆ ಕಂಪನಿಗಳಿಗೆ ಇದ್ದುದರಿಂದಲೂ, ‘ನಿಕರ್‌ಬಾಕರ್ಸ್’ ಮೊದಲಾದ ಹತ್ತಾರು ಕಲ್ಪಿತನಾಮಗಳಿಂದ ಅವು ಹೊರಬಂದವು. ಅವನ ಕೈಕೆಳಗೆ ನುಡಿಸುತ್ತಿದ್ದ ಬೆನ್ನಿ ಗುಡ್‌ಮನ್, ಡಾರ್ಸಿ ಸಹೋದರರು ಮುಂದೆ ಲೋಕಪ್ರಸಿದ್ಧರಾದರು. ನಾಯಕನ ಹೆಸರು ಮಾತ್ರ ಹಿಂದೆ ಸರಿಯಿತು. ಅದಕ್ಕಾಗಿ ಆತನು ಬಹಳ ನೊಂದಂತೆ ತೋರುವುದಿಲ್ಲ, ವ್ಯವಹಾರಕುಶಲನಾದ ಮನುಷ್ಯ. 1934ರಲ್ಲಿ ‘ಮ್ಯೂಜಾಕ್’ ಸಂಸ್ಥೆಯನ್ನು ಸೇರಿ, ಹೋಟೆಲುಗಳಿಗೂ ಅಂಗಡಿಗಳಿಗೂ ತಂತಿಯ ಮೂಲಕ ಸಂಗೀತವನ್ನು ಒದಗಿಸುವ ಉದ್ಯಮದಲ್ಲಿ ತೊಡಗಿದನು.

ಪ್ಲೇಟಿನ ಸಂಗೀತವು ಎಲ್ಲೆಲ್ಲಿಯೂ ಅಗ್ಗವಾಗಿ ದೊರೆತರೆ ಜೀವಂತ ವಾದ್ಯಗಾರನಿಗೆ ಅನ್ನವೆಲ್ಲಿಂದ? ಅಮೆರಿಕದ ವಾದ್ಯಗಾರರ ಸಂಘವು ಈ ಪ್ರಶ್ನೆಯನ್ನು ಪರಿಶೀಲಿಸಲು 1941ರಲ್ಲಿ ನೇಮಿಸಿದ್ದು ಸೆಲ್ವಿನ್ನನನ್ನೇ. ಮುದ್ರಣವನ್ನು ನಿಲ್ಲಿಸಿದರೆ ವಾದ್ಯಗಾರರಿಗೇ ನಷ್ಟವೆಂದು ಅವನು ವರದಿಯಿತ್ತನು. ಸಭೆಯು ಎದ್ದುನಿಂತು ಕರತಾಡನ ಮಾಡಿತು. ಸಂಘವು ಮಾತ್ರ 1942ನೆಯ ಆಗಸ್ಟ್ 1ರಿಂದ ಮುದ್ರಣವನ್ನು ನಿಲ್ಲಿಸಿಯೇಬಿಟ್ಟಿತು. ಚಪ್ಪಾಳೆಯನ್ನು ಸಮ್ಮತಿಯೆಂದು ತಿಳಿಯಬಾರದೆಂಬುದು ನಮ್ಮ ಸಭೆಗಳಲ್ಲಿಯೂ ಕಂಡ ವಿಷಯವೇ. ಸೆಲ್ವಿನ್ನನು 1980ರವರೆಗೆ ಬದುಕಿದ್ದನು.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಸೆಲ್ವಿನ್ನನು ನಾಲ್ಕು ವರ್ಷದ ಬಾಲಕನಾಗಿದ್ದಾಗ, 1902ನೆಯ ನವೆಂಬರಿನಲ್ಲಿ, ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಯಲ್ಲಿ ಯಂತ್ರವನ್ನು ಹೂಡಿದನು. ವಿದ್ಯುತ್ತಿನ ಮೈಕು ಇನ್ನೂ ಬಂದಿರಲಿಲ್ಲ. ಗಾಯಕರು ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಸುಮಾರು ಮೂರು ನಿಮಿಷದೊಳಗೆ ಎಲ್ಲವೂ ಮುಗಿಯಬೇಕು. ಇಡೀ ರಾತ್ರಿ ರಾಗವನ್ನು ಬೆಳೆಸಿ ರೂಢಿಯಾದ ಹಿರಿಯ ಉಸ್ತಾದರು ಹಿಂಜರಿದುದರಲ್ಲಿ ಆಶ್ಚರ್ಯವಿಲ್ಲ. ಹಿಂಜರಿಯದೆ ಮುಂದೆ ಬಂದವಳು ಗೌಹರ್ ಜಾನ್.

ಈಕೆಯು 1873ರಲ್ಲಿ ಆಜಂಗಡದಲ್ಲಿ, ಆರ್ಮೀನಿಯ ಮೂಲದ ತಂದೆಗೆ ಹುಟ್ಟಿದವಳು. ಮೊದಲ ಹೆಸರು ಏಂಜಲೀನಾ. ತಂದೆತಾಯಿಗಳು ಬೇರೆಯಾದ ಮೇಲೆ ತಾಯಿಯು ಮಗಳೊಡನೆ ಕಾಶಿಗೆ ಬಂದು ಇಸ್ಲಾಂ ಮತವನ್ನು ಸ್ವೀಕರಿಸಿ ಮಲ್ಕಾ ಜಾನ್ ಎನಿಸಿದಳು. ಮಗಳು ಗೌಹರ್ ಆದಳು. ಹಾಡಿಕೆ, ಕುಣಿತ ಎರಡರಲ್ಲಿಯೂ ನಿಪುಣೆ. ಖ್ಯಾಲು ಠುಮ್ರಿಗಳ ಸಾರವನ್ನು ಮೂರು ನಿಮಿಷಕ್ಕೆ ಭಟ್ಟಿಯಿಳಿಸುವ ಉಪಾಯವನ್ನು ಅವಳು ಕಂಡುಕೊಂಡಳು. ನನ್ನ ಮಟ್ಟಿಗೆ, ಅವಳ ಕೀರ್ತಿಗೆ ಕಂಠದಷ್ಟೇ ಈ ಮಿತಪ್ರಜ್ಞೆಯೂ ಕಾರಣ. 1920ರ ಹೊತ್ತಿಗೆ ಹತ್ತರಷ್ಟು ಭಾಷೆಗಳಲ್ಲಿ ಸುಮಾರು 600 ಹಾಡುಗಳು ಮುದ್ರಿತವಾದವು. 1911ರ ದೆಹಲಿ ದರ್ಬಾರಿನಲ್ಲಿ ಚಕ್ರವರ್ತಿಯ ಮುಂದೆ ಹಾಡಿದ್ದೂ ಉಂಟು.

ಮುದ್ರಣದ ಮೂಲಫಲಕಗಳನ್ನು ಮೊದಲು ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ಪ್ಲೇಟುಗಳನ್ನು ಒತ್ತಿಸುತ್ತಿದ್ದರು. ಅವಕ್ಕೆ ಬೇಕಾದ ಅರಗು ನಮ್ಮ ದೇಶದ ಕಾಡುಗಳಿಂದ ಹೋಗುತ್ತಿತ್ತು. ನಮ್ಮ ಅರಗು ನಮ್ಮ ಹಾಡಾಗಿ ಹಿಂತಿರುಗುತ್ತಿತ್ತು. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಡವೇ? ಅದಕ್ಕಾಗಿ ಹಾಡು ಮುಗಿದೊಡನೆ ತನ್ನ ಹೆಸರು ಗೌಹರ್ ಜಾನ್ ಎಂದು ಅವಳು ಇಂಗ್ಲೀಷಿನಲ್ಲಿ ಕೂಗಿ ಹೇಳುತ್ತಿದ್ದಳು. ಕಾರ್ಖಾನೆಯ ಅನುಕೂಲಕ್ಕಾಗಿ ಹುಟ್ಟಿದ ಕೂಗು ಅದು. ಆದರೂ ಸೆಲ್ವಿನ್ನನಿಗೆ ಒದಗಿದಂತೆ ಬೇರೆ ಹೆಸರನ್ನು ಅಂಟಿಸುವ ಅವಕಾಶ ಅಲ್ಲಿ ಇರಲಿಲ್ಲ.

ಹೆಸರು ಉಳಿಯಿತು, ಹಣ ಉಳಿಯಲಿಲ್ಲ. ನ್ಯಾಯಾಲಯದ ವ್ಯಾಜ್ಯಗಳಲ್ಲಿ ಆಸ್ತಿಯು ಕರಗಿತು, ನೆಚ್ಚಿದವರು ದೂರವಾದರು. ಆಗ ಆಶ್ರಯವಿತ್ತವರು ನಾಲ್ವಡಿ ಕೃಷ್ಣರಾಜ ಒಡೆಯರವರು. 1928ನೆಯ ಆಗಸ್ಟಿನಲ್ಲಿ ತಿಂಗಳಿಗೆ 500 ರೂಪಾಯಿನ ಸಂಬಳದ ಮೇಲೆ ಆಕೆಯು ಅರಮನೆಯ ಗಾಯಕಿಯಾಗಿ ನೇಮಕವಾದಳು. ವೀಣೆಯ ಬಿಗಿಯೂ ಪಾಶ್ಚಾತ್ಯ ಬ್ಯಾಂಡಿನ ಶಿಸ್ತೂ ಕೂಡಿದ್ದ ಆ ಆಸ್ಥಾನಕ್ಕೆ ಅವಳು ಬಂದಾಗ ವಯಸ್ಸು ಐವತ್ತೈದು. ಇಲ್ಲಿ ಕಳೆದದ್ದು ಒಂದೂವರೆ ವರ್ಷಕ್ಕೂ ಕಡಮೆ. 1930ನೆಯ ಜನವರಿ 17ರಂದು ಮೈಸೂರಿನಲ್ಲಿ ಅವಳು ತೀರಿಕೊಂಡಳು. ಕಲ್ಕತ್ತೆಯ ಆ ಪ್ಲೇಟುಗಳನ್ನು ಯಾರಾದರೂ ಹಾಕಿದರೆ, ಹಾಡು ನಿಂತ ಮೇಲೆ ಸೂಜಿಯನ್ನು ಎತ್ತುವ ಮುನ್ನ, ಆ ಹೆಸರಿನ ಕೂಗು ಕೇಳಿಬರುತ್ತದೆ.